ತೂಕ ಇಳಿಸುವ ದೂರದ ದಾರಿ: ಹುಮ್ಮಸ್ಸು ಬತ್ತದಂತೆ ನೋಡಿಕೊಳ್ಳುವುದು ಹೇಗೆ?

ತೂಕ ಇಳಿಸಲು ಶುರು ಮಾಡುವುದು ಅಷ್ಟೇನೂ ಕಷ್ಟವಲ್ಲ. ಹೊಸ ಶೂ ಬರುತ್ತದೆ, ಮೊಬೈಲಿಗೆ ಒಂದು ಆ್ಯಪ್ ಬರುತ್ತದೆ, ಮೊದಲ ಎರಡು ವಾರ ಮೆಷಿನ್ ಮೇಲಿನ ಸಂಖ್ಯೆ ಸರಸರ ಇಳಿಯುತ್ತದೆ, ಯಾರೋ ಒಬ್ಬರು "ಏನು, ಸಣ್ಣ ಆಗಿದೀಯಲ್ಲ!" ಎಂದೂ ಅನ್ನುತ್ತಾರೆ. ಕಷ್ಟ ಕಾಣುವುದು ಮೂರನೇ ತಿಂಗಳೋ ನಾಲ್ಕನೇ ತಿಂಗಳೋ, ಹೊಗಳುವವರು ಸುಮ್ಮನಾದ ಮೇಲೆ, ಸಂಖ್ಯೆ ನಿಂತಲ್ಲೇ ನಿಂತ ಮೇಲೆ, ತಿಂದದ್ದನ್ನೆಲ್ಲ ಬರೆದಿಡುವುದೇ ಬೇಜಾರು ಎನಿಸತೊಡಗಿದ ಮೇಲೆ. ಆಗ ಕೈಬಿಟ್ಟವರನ್ನು ಜನ ಸೋಮಾರಿ ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ತಿಂಗಳುಗಟ್ಟಲೆ ನಾಲಿಗೆ ಕಟ್ಟಿದವರು, ಬೆಳಿಗ್ಗೆ ಬೇಗ ಎದ್ದು ನಡೆದವರು ಸೋಮಾರಿ ಹೇಗಾಗುತ್ತಾರೆ? ಅವರನ್ನು ಕೆಡವಿದ್ದು ನಿರಾಸೆ. ಇಷ್ಟು ಮಾಡಿದರೆ ಇಷ್ಟು ಇಳಿಯಬೇಕು ಎಂಬ ಒಂದು ಲೆಕ್ಕ ಅವರ ತಲೆಯಲ್ಲಿತ್ತು. ಆ ಲೆಕ್ಕವೇ ತಪ್ಪಿತ್ತು.

ಹಾಗಾಗಿ ಇಲ್ಲಿ ಡಯಟ್ ಚಾರ್ಟ್ ಇಲ್ಲ, ವ್ಯಾಯಾಮದ ಪಟ್ಟಿಯೂ ಇಲ್ಲ. ಅವು ಬೇಕಾದಷ್ಟು ಕಡೆ ಸಿಗುತ್ತವೆ. ನಿರಾಸೆ ಎಲ್ಲೆಲ್ಲಿಂದ ಬರುತ್ತದೆ, ಅದು ಬರುವ ಮುಂಚೆ ಏನು ತಯಾರಿ ಮಾಡಿಕೊಳ್ಳಬಹುದು, ಇಷ್ಟೇ ಇಲ್ಲಿನ ವಿಷಯ.

ಶುರು ಮಾಡುವ ಮುಂಚೆ ಒಂದು ಮಾತು. ಸಕ್ಕರೆ ಕಾಯಿಲೆಗೆ ಅಥವಾ ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ತುಂಬದವರು, ಹಿಂದೆ ಎಂದಾದರೂ ಊಟ ಬಿಡುವ ಅಥವಾ ತಿಂದು ವಾಂತಿ ಮಾಡಿಕೊಳ್ಳುವ ತೊಂದರೆ ಇದ್ದವರು, ಮೊದಲು ಡಾಕ್ಟರನ್ನು ಕಾಣಬೇಕು. ಉಳಿದವರೂ ಒಮ್ಮೆ ಹೋಗಿ ಬಂದರೆ ಒಳ್ಳೆಯದು. ಥೈರಾಯ್ಡ್, ಪಿಸಿಒಎಸ್ (ಹೆಂಗಸರಲ್ಲಿ ಕಾಣುವ ಒಂದು ಹಾರ್ಮೋನಿನ ತೊಂದರೆ), ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ತೂಕದ ಮೇಲೆ ಪರಿಣಾಮ ಮಾಡುತ್ತವೆ. ಕಾರಣ ದೇಹದಲ್ಲೋ ಮಾತ್ರೆಯಲ್ಲೋ ಇರುವಾಗ ವರ್ಷವಿಡೀ ಸುಮ್ನೆ ನಿಮ್ಮನ್ನೇ ಬೈದುಕೊಳ್ಳುವುದು ಯಾಕೆ?

ಹಂತ 1: ಗುರಿಯನ್ನು ಕತ್ತರಿಸಿ

ಮೊದಲ ನಿರಾಸೆ ಹುಟ್ಟುವುದು ಮೊದಲ ದಿನವೇ, ಗುರಿ ಬರೆಯುವಾಗ. ಅಮೆರಿಕದಲ್ಲಿ 1997ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೊಜ್ಜಿನ ಸಮಸ್ಯೆಯಿದ್ದ 60 ಮಹಿಳೆಯರನ್ನು ಚಿಕಿತ್ಸೆ ಶುರುವಾಗುವ ಮೊದಲು ಕೇಳಿದರು: ನಿಮ್ಮ ಗುರಿಯ ತೂಕ ಎಷ್ಟು? ಎಷ್ಟಕ್ಕೆ ಇಳಿದರೆ ಖುಷಿ? ಎಷ್ಟಕ್ಕೆ ಇಳಿದರೆ ಪರವಾಗಿಲ್ಲ? ಎಷ್ಟಕ್ಕೇ ನಿಂತರೆ ನಿರಾಸೆ? ಅವರ ಗುರಿ ಸರಾಸರಿ ತಮ್ಮ ತೂಕದ 32% ಇಳಿಸುವುದಾಗಿತ್ತು. 48 ವಾರ ಕಳೆದ ಮೇಲೆ ನೋಡಿದರೆ ಸರಾಸರಿ 16 ಕೆಜಿ ಇಳಿದಿತ್ತು. 16 ಕೆಜಿ ಅಂದರೆ ಸಣ್ಣ ಮಾತಲ್ಲ, ಅಲ್ವಾ? ಆದರೂ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಾವೇ "ನಿರಾಸೆ" ಎಂದು ಗುರುತು ಹಾಕಿದ್ದ ತೂಕವನ್ನೂ ಮುಟ್ಟಿರಲಿಲ್ಲ. ಇಷ್ಟು ದೊಡ್ಡ ಗೆಲುವು ಸೋಲಿನ ಹಾಗೆ ಕಂಡದ್ದು ಗುರಿಯ ದೆಸೆಯಿಂದ.

ಇದಕ್ಕೆ ಎದುರಾಗಿ ಇನ್ನೊಂದು ಲೆಕ್ಕ ನೋಡಿ. 2002ರಲ್ಲಿ ಅಮೆರಿಕದಿಂದಲೇ ಮಧುಮೇಹ ತಡೆಯುವ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಮೂರು ಸಾವಿರಕ್ಕೂ ಜಾಸ್ತಿ ಜನ, ಎಲ್ಲರೂ ಮಧುಮೇಹದ ಅಂಚಿನಲ್ಲಿದ್ದವರು. ಅವರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ 7% ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ. ಅಷ್ಟರಿಂದಲೇ ಮಧುಮೇಹ ಬರುವ ಸಂಭವ 58% ಕಡಿಮೆಯಾಯಿತು. 90 ಕೆಜಿ ಇರುವವರಿಗೆ 7% ಅಂದರೆ 6 ಕೆಜಿಗೆ ಸ್ವಲ್ಪ ಜಾಸ್ತಿ.

ಈಗ ನೀವು ಮಾಡಬೇಕಾದದ್ದು: ನಿಮ್ಮ ತೂಕದ 5% ಎಷ್ಟು ಎಂದು ಲೆಕ್ಕ ಹಾಕಿ ಬರೆಯಿರಿ. ಅದು ಮೊದಲ ಗುರಿ. ಅದಕ್ಕೆ ಮೂರರಿಂದ ಆರು ತಿಂಗಳು ಕೊಡಿ. ಅದು ಮುಟ್ಟಿದ ಮೇಲೆ ಒಂದು ತಿಂಗಳು ಅಲ್ಲೇ ನಿಂತು, ಆಮೇಲೆ ಇನ್ನೊಂದು 5%. ಕಾಲೇಜಿನ ದಿನಗಳ ತೂಕ, ಮದುವೆಯ ಫೋಟೋದ ತೂಕ, ಇವನ್ನು ಸದ್ಯಕ್ಕೆ ಬರೆಯಲೇ ಬೇಡಿ.

ಹಂತ 2: ಕಾರಣವನ್ನು ಬರೆಯಿರಿ, ಕನಸು ಕಾಣುವುದನ್ನು ಸ್ವಲ್ಪ ಕಡಿಮೆ ಮಾಡಿ

"ತೆಳ್ಳಗಾದ ನಿಮ್ಮನ್ನು ಕಣ್ಣಮುಂದೆ ತಂದುಕೊಳ್ಳಿ" ಎಂಬ ಸಲಹೆ ಎಲ್ಲ ಕಡೆ ಇದೆ. ಕೇಳಲು ಚೆಂದ. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗನ್ 1991ರಲ್ಲಿ ಇದನ್ನೇ ಪರೀಕ್ಷಿಸಿದರು. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ ಮಹಿಳೆಯರಲ್ಲಿ, ಎಲ್ಲವೂ ಸಲೀಸಾಗಿ ಆಗಿಬಿಟ್ಟ ಹಾಗೆ ಸಿಹಿಸಿಹಿ ಕಲ್ಪನೆ ಮಾಡಿಕೊಂಡವರು ಉಳಿದವರಿಗಿಂತ ಕಡಿಮೆ ತೂಕ ಇಳಿಸಿದ್ದರು. ನನ್ನಿಂದ ಆಗುತ್ತದೆ ಎಂಬ ನಂಬಿಕೆ ಇದ್ದವರು ಮಾತ್ರ ಜಾಸ್ತಿ ಇಳಿಸಿದ್ದರು. ನಂಬಿಕೆ ಬೇರೆ, ಕಲ್ಪನೆ ಬೇರೆ. ಕಲ್ಪನೆಯಲ್ಲೇ ಊರು ಮುಟ್ಟಿದವರಿಗೆ ನಡೆಯುವ ಅವಸರ ಇರುವುದಿಲ್ಲ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಎರಡು ಭಾಗ ಮಾಡಿ. ಎಡಗಡೆ ನಿಮಗೆ ಏನು ಬೇಕು ಎಂದು ಬರೆಯಿರಿ. "ಆರೋಗ್ಯ" ಎಂದು ಬರೆದರೆ ಸಾಲದು, ಅದು ಯಾರನ್ನೂ ಹಾಸಿಗೆಯಿಂದ ಎಬ್ಬಿಸುವುದಿಲ್ಲ. ಎರಡು ಮಹಡಿ ಹತ್ತಿದರೆ ಏದುಸಿರು ಬರಬಾರದು, ಮಗುವಿನ ಜೊತೆ ನೆಲದ ಮೇಲೆ ಕೂತು ಕೈಯೂರದೆ ಏಳಬೇಕು, ಮೊಣಕಾಲಿನ ನೋವು ತಗ್ಗಬೇಕು, ಹೀಗೆ ಬರೆಯಿರಿ. ಬಲಗಡೆ ಅಡ್ಡ ಬರುವುದು ಏನು ಎಂದು ಬರೆಯಿರಿ. ರಾತ್ರಿ ಹತ್ತರ ಮೇಲೆ ಬಾಯಾಡಿಸುವ ಚಟ, ಆಫೀಸಿನ ಮೀಟಿಂಗ್ ಮುಗಿದ ಮೇಲಿನ ಸಿಟ್ಟು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು. ನಾಚಿಕೆ ಬೇಡ, ಆ ಹಾಳೆಯನ್ನು ಬೇರೆ ಯಾರೂ ಓದುವುದಿಲ್ಲ. ಮುಂದಿನ ಹಂತಗಳಿಗೆ ಹೆಚ್ಚು ಬೇಕಾಗುವುದು ಈ ಬಲಗಡೆಯ ಪಟ್ಟಿಯೇ.

ಹಂತ 3: ತೂಕದ ಮೆಷಿನ್ ಓದುವುದನ್ನು ಕಲಿಯಿರಿ

ಹೆಚ್ಚು ಹುಮ್ಮಸ್ಸು ಸಾಯುವುದು ಬೆಳಿಗ್ಗೆ ಮೆಷಿನ್ ಮೇಲೆ ನಿಂತ ಆ ಐದು ಸೆಕೆಂಡಿನಲ್ಲಿ. ನಿನ್ನೆ ಎಲ್ಲವನ್ನೂ ಸರಿಯಾಗಿ ಮಾಡಿದ್ದೀರಿ, ಇವತ್ತು 800 ಗ್ರಾಂ ಏರಿದೆ. "ಇದೆಲ್ಲ ನನಗೆ ಆಗಿಬರಲ್ಲ" ಎಂದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ಆ 800 ಗ್ರಾಂ ಕೊಬ್ಬಾಗಿರಲು ಸಾಧ್ಯವೇ ಇಲ್ಲ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಒಂದೇ ರಾತ್ರಿಯಲ್ಲಿ 800 ಗ್ರಾಂ ಕೊಬ್ಬು ಕೂಡಬೇಕಾದರೆ, ದೇಹ ಖರ್ಚು ಮಾಡಿದ್ದರ ಮೇಲೆ ಇನ್ನೂ ಆರು ಸಾವಿರ ಕ್ಯಾಲೊರಿ ತಿಂದಿರಬೇಕು. ತಿಂದಿಲ್ಲ ತಾನೇ? ಅದು ನೀರು. ಉಪ್ಪು ಜಾಸ್ತಿಯಾದ ಊಟ ನೀರು ಹಿಡಿದಿಡುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಅನೇಕರಿಗೆ ನೀರು ತುಂಬಿಕೊಳ್ಳುತ್ತದೆ. ಹೊಸದಾಗಿ ವ್ಯಾಯಾಮ ಮಾಡಿದಾಗ ಸ್ನಾಯುಗಳು ನೋಯುತ್ತವಲ್ಲ, ಆಗಲೂ ಅಷ್ಟೇ. ಮಲಬದ್ಧತೆ ಇದ್ದರೆ ಅದರ ತೂಕವೂ ಸೇರುತ್ತದೆ.

ಮೊದಲ ವಾರದ ಆ ದೊಡ್ಡ ಇಳಿಕೆಯ ಗುಟ್ಟೂ ಇಲ್ಲೇ ಇದೆ. ಪಿತ್ತಜನಕಾಂಗದಲ್ಲಿ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ಆ ದಾಸ್ತಾನು ಖಾಲಿಯಾಗುತ್ತಾ ಹೋಗಿ ನೀರೂ ಹೊರಟುಹೋಗುತ್ತದೆ. ಎರಡು ಕೆಜಿ ಮಾಯ! ಜನ ಅದನ್ನೇ ತಮ್ಮ ವೇಗ ಎಂದುಕೊಂಡು ಪ್ರತಿ ವಾರವೂ ಎರಡು ಕೆಜಿ ಇಳಿಯಲಿ ಎಂದು ಕಾಯುತ್ತಾರೆ. ಮೂರನೇ ವಾರ ಅರ್ಧ ಕೆಜಿ ಇಳಿದರೆ ಮುಖ ಬಾಡುತ್ತದೆ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಸುರಕ್ಷಿತ ವೇಗ. ಅರ್ಧ ಕೆಜಿ ಸೋಲಲ್ಲ ಸ್ವಾಮಿ, ಅದೇ ಸರಿಯಾದ ಲೆಕ್ಕ.

ಮಾಡುವ ವಿಧಾನ ಹೀಗೆ. ದಿನಾ ಬೆಳಿಗ್ಗೆ ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಕುಡಿಯುವ ಮುಂಚೆ, ಒಂದೇ ಮೆಷಿನ್ ಮೇಲೆ ನಿಂತು ತೂಕ ಬರೆದಿಡಿ. ಬರೆದಿಟ್ಟು ಮರೆತುಬಿಡಿ. ವಾರದ ಕೊನೆಗೆ ಏಳನ್ನೂ ಕೂಡಿಸಿ ಏಳರಿಂದ ಭಾಗಿಸಿ. ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಹೋಲಿಸಿ. ಒಂದು ದಿನದ ಸಂಖ್ಯೆಗೆ ಅರ್ಥವಿಲ್ಲ, ನಾಲ್ಕು ವಾರದ ಸಾಲಿಗೆ ಅರ್ಥವಿದೆ. ಮುಟ್ಟಾಗುವವರು ಈ ತಿಂಗಳ ಅದೇ ವಾರವನ್ನು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿದರೆ ಇನ್ನೂ ಸರಿ.

ದಿನಾ ಸಂಖ್ಯೆ ನೋಡಿದರೆ ತಲೆ ಕೆಡುತ್ತದೆ, ಇಡೀ ದಿನ ಹಾಳಾಗುತ್ತದೆ ಎನ್ನುವವರು ವಾರಕ್ಕೊಮ್ಮೆ ನೋಡಲಿ. ಅದೂ ಆಗದಿದ್ದರೆ ಮೆಷಿನ್ ಬಿಟ್ಟು ಟೇಪು ಹಿಡಿಯಲಿ. ಸೊಂಟದ ಅಳತೆ ತಿಂಗಳಿಗೊಮ್ಮೆ, ಒಂದು ಬಿಗಿಯಾದ ಪ್ಯಾಂಟು, ಒಂದೇ ದಾರಿಯನ್ನು ನಡೆಯಲು ಹಿಡಿಯುವ ಸಮಯ. ತೂಕ ನಿಂತ ತಿಂಗಳಲ್ಲಿ ಇವುಗಳಲ್ಲಿ ಒಂದಾದರೂ ಕದಲಿರುತ್ತದೆ ಎಂಬುದು ಬಹಳ ಜನರ ಅನುಭವ.

ಹಂತ 4: ಮನಸ್ಸಿಲ್ಲದ ದಿನಕ್ಕೆ ಪ್ಲಾನ್ ಮಾಡಿ

ಎಲ್ಲರೂ ಪ್ಲಾನ್ ಮಾಡುವುದು ಹುಮ್ಮಸ್ಸು ಇರುವ ದಿನ, ಹುಮ್ಮಸ್ಸು ಇರುವ ಮನುಷ್ಯನಿಗಾಗಿ. ದಿನಾ ಒಂದು ಗಂಟೆ ಜಿಮ್, ಸಕ್ಕರೆ ಪೂರ್ತಿ ಬಂದ್, ರಾತ್ರಿ ಏಳಕ್ಕೆ ಊಟ. ಮೂರನೇ ತಿಂಗಳಲ್ಲಿ ಅದನ್ನು ನಡೆಸಬೇಕಾದವರು ಬೇರೆಯೇ ಮನುಷ್ಯರು: ನಿದ್ದೆಗೆಟ್ಟವರು, ಕೆಲಸದಲ್ಲಿ ಬೈಸಿಕೊಂಡವರು, ಮನೆಯಲ್ಲಿ ಯಾರಿಗೋ ಜ್ವರ ಬಂದಿರುವವರು.

ಪ್ರತಿ ಅಭ್ಯಾಸಕ್ಕೂ ಎರಡು ಅಳತೆ ಇಟ್ಟುಕೊಳ್ಳಿ. ಒಂದು ಪೂರ್ತಿ, ಒಂದು ಕನಿಷ್ಠ. ಪೂರ್ತಿ ಅಂದರೆ 40 ನಿಮಿಷ ನಡಿಗೆ, ಕನಿಷ್ಠ ಅಂದರೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಐದು ನಿಮಿಷಕ್ಕೆ ವಾಪಸ್ ಬರುವುದು. ಪೂರ್ತಿ ಅಂದರೆ ಮೂರೂ ಊಟ ಬರೆದಿಡುವುದು, ಕನಿಷ್ಠ ಅಂದರೆ ತಟ್ಟೆಯ ಒಂದು ಫೋಟೋ. ಕನಿಷ್ಠ ಮಾಡಿದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದೂ ಲೆಕ್ಕಕ್ಕೆ ಸೇರುತ್ತದೆ. ಐದು ನಿಮಿಷದ ನಡಿಗೆಯಿಂದ ಕೊಬ್ಬು ಕರಗುತ್ತಾ ಎಂದು ಕೇಳಬೇಡಿ, ಕರಗುವುದಿಲ್ಲ. ನಾಳೆ ಮತ್ತೆ ಹೊರಡುವುದು ಸುಲಭ ಆಗಲಿ ಎಂದಷ್ಟೇ ಅದು.

ಹಂತ 2ರ ಬಲಗಡೆ ಪಟ್ಟಿ ಈಗ ಹೊರತೆಗೆಯಿರಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ವರ್ಷಗಟ್ಟಲೆ ಅಧ್ಯಯನ ಮಾಡಿದ ಒಂದು ಸರಳ ವಿಧಾನ ಇದೆ. "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ಬರೆದಿಡುವುದು. ರಾತ್ರಿ ಹತ್ತರ ಮೇಲೆ ಏನಾದರೂ ತಿನ್ನಬೇಕು ಎನಿಸಿದರೆ, ಹಲ್ಲುಜ್ಜುತ್ತೇನೆ. ಮೀಟಿಂಗ್ ಮುಗಿದು ಸಿಟ್ಟು ಬಂದರೆ, ಕೆಳಗಿಳಿದು ಕಟ್ಟಡಕ್ಕೆ ಒಂದು ಸುತ್ತು ಹಾಕುತ್ತೇನೆ. ಮಕ್ಕಳ ತಟ್ಟೆಯಲ್ಲಿ ಉಳಿದರೆ, ಮುಚ್ಚಿ ಫ್ರಿಜ್ಜಿಗೆ ಇಡುತ್ತೇನೆ. "ಇನ್ನು ಮೇಲೆ ಕಂಟ್ರೋಲ್ ಮಾಡ್ತೀನಿ" ಎಂಬ ಮಾತಿಗಿಂತ ಇದು ಕೆಲಸ ಮಾಡುವುದು ಯಾಕೆಂದರೆ, ಆಸೆ ಎದ್ದ ಹೊತ್ತಿನಲ್ಲಿ ಯೋಚಿಸಿ ತೀರ್ಮಾನ ಮಾಡುವ ಕೆಲಸವೇ ಉಳಿದಿರುವುದಿಲ್ಲ. ತೀರ್ಮಾನ ಆಗಲೇ ಆಗಿದೆ. ಮೂರು ಸಾಕು. ಹತ್ತು ಬರೆದರೆ ಒಂದೂ ನೆನಪಿರುವುದಿಲ್ಲ.

"21 ದಿನ ಮಾಡಿದರೆ ಅಭ್ಯಾಸ ಆಗುತ್ತೆ" ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ, ಅದೂ ಒಂದು ನಿರಾಸೆಯ ಮೂಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ ನೋಡಿದರು. ಹೊಸ ಕೆಲಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು 66 ದಿನದ ಆಸುಪಾಸು ಬೇಕಾಯಿತು. ಅದು ನಡುವಿನ ಲೆಕ್ಕ. ಕೆಲವರಿಗೆ 18 ದಿನ ಸಾಕಾದರೆ, ಲೆಕ್ಕದ ಇನ್ನೊಂದು ತುದಿಯಲ್ಲಿ 254 ದಿನ ಇತ್ತು. ನೀರು ಕುಡಿಯುವಂಥ ಅಭ್ಯಾಸ ಬೇಗ ಕೂತುಕೊಂಡಿತು, ವ್ಯಾಯಾಮ ತಡವಾಯಿತು. ಇನ್ನೊಂದು ವಿಷಯ ನನಗೆ ಅದಕ್ಕಿಂತ ಇಷ್ಟವಾದದ್ದು: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ನಡಿಗೆ ಬೇಜಾರು ಎನ್ನುವವರಿಗೆ ಒಂದು ಉಪಾಯ. ನಿಮಗೆ ತುಂಬಾ ಇಷ್ಟವಾದ ಧಾರಾವಾಹಿಯನ್ನೋ ಆಡಿಯೊ ಕಥೆಯನ್ನೋ ನಡೆಯುವಾಗ ಮಾತ್ರ ಕೇಳಿ, ಬೇರೆ ಹೊತ್ತಿನಲ್ಲಿ ಮುಟ್ಟಬೇಡಿ. ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ, ಜಿಮ್ಮಿಗೆ ಬರುವವರು ಮೊದಲು ಚೆನ್ನಾಗಿಯೇ ಹೆಚ್ಚಿದರು, ಆದರೆ ರಜೆಯ ನಂತರ ಅದರ ಬಿಸಿ ಆರಿತು. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಉಪಾಯ ಬದಲಾಯಿಸಬೇಕಾಗುತ್ತದೆ.

ಮನೆಯ ವಿಷಯ ಒಂದೇ ಸಾಲಿನಲ್ಲಿ ಹೇಳುತ್ತೇನೆ: ಕಣ್ಣಿಗೆ ಬಿದ್ದದ್ದನ್ನು ಕೈ ತೆಗೆದುಕೊಳ್ಳುತ್ತದೆ, ಡಬ್ಬಿ ಮೇಲಿನ ಅಟ್ಟಕ್ಕೆ ಹೋಗಲಿ, ಹಣ್ಣು ಕೈಗೆ ಸಿಗುವಲ್ಲಿ ಇರಲಿ.

ಹಂತ 5: ಜಾರಿದ ದಿನ ಅಲ್ಲೇ ಮುಗಿಯಲಿ

ಜಾರುತ್ತೀರಿ. ಮದುವೆ, ಪ್ರವಾಸ, ಜ್ವರ, ಜಗಳ, ಏನೋ ಒಂದು ಬರುತ್ತದೆ. ಒಂದು ಊಟ ಜಾಸ್ತಿ ಆದದ್ದರಿಂದ ಯಾರೂ ದಪ್ಪ ಆಗಿಲ್ಲ. ತೊಂದರೆ ಆಗುವುದು "ಹೇಗೂ ಕೆಟ್ಟಿತಲ್ಲ, ಇವತ್ತು ಪೂರ್ತಿ ತಿಂದುಬಿಡೋಣ" ಎಂಬ ಮುಂದಿನ ಯೋಚನೆಯಿಂದ.

1975ರ ಒಂದು ಪ್ರಯೋಗ ಈ ಯೋಚನೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಡಯಟ್ ಗೊಡವೆ ಇಲ್ಲದವರು ಹೊಟ್ಟೆ ತುಂಬಿದೆ ಎಂದು ಕಡಿಮೆ ತಿಂದರು. ಸದಾ ಡಯಟ್ ಚಿಂತೆಯಲ್ಲಿರುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಜಾಸ್ತಿ ಐಸ್‌ಕ್ರೀಮ್ ತಿಂದರು. ನಿಯಮ ಮುರಿದಾಯಿತು, ಇನ್ನೇನು ಕಾಯುವುದು ಎಂಬ ಲೆಕ್ಕ. ನಿಯಮ ಎಷ್ಟು ಬಿಗಿಯೋ ಮುರಿದಾಗ ಅಷ್ಟು ದೊಡ್ಡ ಸದ್ದು. ಅದಕ್ಕೇ "ಜನ್ಮದಲ್ಲಿ ಸಿಹಿ ಮುಟ್ಟಲ್ಲ" ಎಂಬ ಶಪಥಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ವಾರಕ್ಕೆ ಎರಡು ಸಲ, ಕೂತುಕೊಂಡು, ತಟ್ಟೆಯಲ್ಲಿ ಹಾಕಿಕೊಂಡು ತಿನ್ನುತ್ತೇನೆ ಎಂಬ ನಿಯಮ ವರ್ಷಗಟ್ಟಲೆ ಬಾಳುತ್ತದೆ.

ಜಾರಿದ ಮೇಲೆ ಮಾಡಬೇಕಾದದ್ದು ಇಷ್ಟು. ಮುಂದಿನ ಊಟವನ್ನು ಎಂದಿನಂತೆ, ಎಂದಿನ ಹೊತ್ತಿಗೆ ತಿನ್ನಿ. ಶಿಕ್ಷೆ ಎಂದು ಉಪವಾಸ ಮಾಡಬೇಡಿ, ಎರಡು ಗಂಟೆ ಓಡಬೇಡಿ, ಅದು ಸಂಜೆ ಮತ್ತೆ ಮುಗಿಬೀಳಲು ದಾರಿ. ಮೂರು ದಿನ ಮೆಷಿನ್ ಹತ್ತದೆ ಇದ್ದರೂ ನಡೆಯುತ್ತದೆ, ಆಗ ಕಾಣುವುದು ಹೆಚ್ಚಾಗಿ ಉಪ್ಪು ನೀರಿನ ತೂಕ. ಡೈರಿಯಲ್ಲಿ ಒಂದು ಸಾಲು ಬರೆಯಿರಿ: ಏನಾಯಿತು, ಅದಕ್ಕೆ ಮುಂಚೆ ಏನಿತ್ತು. ಹಸಿದಿದ್ದೆನಾ, ಸುಸ್ತಾಗಿದ್ದೆನಾ, ಒಬ್ಬನೇ ಇದ್ದೆನಾ. ಐದಾರು ಸಾಲು ಸೇರಿದ ಮೇಲೆ ಒಂದೇ ಕಾರಣ ಮತ್ತೆ ಮತ್ತೆ ಬರುವುದು ಕಾಣುತ್ತದೆ. ಆಗ ಅದಕ್ಕೊಂದು "ಹೀಗಾದರೆ ಹೀಗೆ" ಸೇರಿಸಿ.

ಸೋಮವಾರಕ್ಕೆ ಕಾಯಬೇಡಿ. ವಾರದ ಮೊದಲ ದಿನ, ತಿಂಗಳ ಮೊದಲ ದಿನ, ಹುಟ್ಟುಹಬ್ಬ ಇವೆಲ್ಲ ಹೊಸದಾಗಿ ಶುರು ಮಾಡಲು ಹುರುಪು ಕೊಡುತ್ತವೆ ನಿಜ, ಆದರೆ ಗುರುವಾರ ಜಾರಿದವರು ಸೋಮವಾರದವರೆಗೆ ಬಿಟ್ಟರೆ ನಾಲ್ಕು ದಿನ ಹೋಯಿತು.

ಹಂತ 6: ತೂಕ ನಿಂತಾಗ

ಈ ಹಂತ ಉದ್ದ ಇದೆ, ಯಾಕೆಂದರೆ ಬಿಟ್ಟುಬಿಡುವವರಲ್ಲಿ ಬಹಳ ಜನ ಬಿಡುವುದು ಇಲ್ಲೇ.

ಮೊದಲು ಆ ತಪ್ಪು ಲೆಕ್ಕ ಸರಿಮಾಡೋಣ. ದಿನಕ್ಕೆ 240 ಕ್ಯಾಲೊರಿ ಕಡಿಮೆ ತಿಂದರೆ ವರ್ಷಕ್ಕೆ 87,600 ಆಯಿತು, 7,700ರಿಂದ ಭಾಗಿಸಿದರೆ 11 ಕೆಜಿ ದಾಟಿತು, ಹೀಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ದೇಹ ಸಣ್ಣದಾದಂತೆ ಅದರ ಖರ್ಚೂ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಆಗ ಇದ್ದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಇದನ್ನೂ ಸೇರಿಸಿದ ಲೆಕ್ಕ ಕೊಟ್ಟರು. ದಿನಕ್ಕೆ 24 ಕ್ಯಾಲೊರಿಯನ್ನು ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಸುಮಾರು ಒಂದು ಕೆಜಿ ಇಳಿಯುತ್ತದೆ, ಅದರ ಅರ್ಧ ಇಳಿಯಲು ಒಂದು ವರ್ಷ, 95% ಇಳಿಯಲು ಮೂರು ವರ್ಷ. ಅಂದರೆ ಆ 240 ಕ್ಯಾಲೊರಿಯಿಂದ ಮೊದಲ ವರ್ಷ 5 ಕೆಜಿ, ಮೂರು ವರ್ಷ ಬಿಡದೆ ನಡೆಸಿದರೆ 10 ಕೆಜಿಯ ಹತ್ತಿರ. 11 ಕೆಜಿಗೆ ಕಾದು ಕೂತವರಿಗೆ 5 ಕೆಜಿ ಸೋಲು. ಈ ಲೆಕ್ಕ ಗೊತ್ತಿದ್ದವರಿಗೆ ಅದು ಹೇಳಿದ ಹೊತ್ತಿಗೆ ಬಂದ ಬಸ್ಸು.

ಜೊತೆಗೆ ಹಸಿವು. ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 50 ಜನ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರದಲ್ಲಿದ್ದು ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೂ ಹಸಿವು ಹೆಚ್ಚಿಸುವ ಗ್ರೆಲಿನ್, ಹೊಟ್ಟೆ ತುಂಬಿತು ಎನ್ನುವ ಲೆಪ್ಟಿನ್ ಮುಂತಾದ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ತೂಕ ಇಳಿಸಿದವರಿಗೆ ಮುಂಚೆಗಿಂತ ಜಾಸ್ತಿ ಹಸಿವಾಗುವುದು ದೇಹದ ಕೆಲಸ, ಚಪಲ ಎಂದು ಬೈದುಕೊಳ್ಳುವ ವಿಷಯವಲ್ಲ.

ಈಗ ತೂಕ ನಿಂತಿದೆ ಎಂದುಕೊಳ್ಳಿ. ಎಷ್ಟು ದಿನದಿಂದ? ಹತ್ತು ದಿನ ಆಗಿದ್ದರೆ ಅದು ನಿಂತದ್ದೇ ಅಲ್ಲ. ನಾಲ್ಕು ವಾರದ ಸರಾಸರಿ ಕದಲಿಲ್ಲ ಎಂದಾದರೆ ಮಾತ್ರ ಮುಂದೆ ಓದಿ.

ಒಂದು ವಾರ ಎಲ್ಲವನ್ನೂ ಅಳೆದು ಬರೆಯಿರಿ. ಅಡುಗೆಯ ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ, ಸುಮ್ನೆ ಸುರಿಯಬೇಡಿ. ರುಚಿ ನೋಡಿದ್ದು, ಕೈಯಲ್ಲಿ ಹಿಡಿದು ತಿಂದದ್ದು, ಕುಡಿದದ್ದು, ಎಲ್ಲವೂ. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ "ನಾನು ತುಂಬಾ ಕಡಿಮೆ ತಿಂದರೂ ತೂಕ ಇಳಿಯಲ್ಲ" ಎನ್ನುತ್ತಿದ್ದ ಹತ್ತು ಜನರನ್ನು ಪರೀಕ್ಷಿಸಿದರು. ಅವರ ಚಯಾಪಚಯದಲ್ಲಿ, ಅಂದರೆ ದೇಹ ಕ್ಯಾಲೊರಿ ಖರ್ಚು ಮಾಡುವ ರೀತಿಯಲ್ಲಿ, ದೋಷವಿರಲಿಲ್ಲ. ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ವ್ಯಾಯಾಮವನ್ನು 51% ಜಾಸ್ತಿ ಹೇಳಿದ್ದರು. ಅವರು ಸುಳ್ಳು ಹೇಳುವವರು ಎಂದು ಇದರ ಅರ್ಥ ಅಲ್ಲ. ಕಣ್ಣಂದಾಜು ಎಲ್ಲರಿಗೂ ಕೈಕೊಡುತ್ತದೆ, ತಿಂಗಳು ಕಳೆದಂತೆ ಅದು ಸಡಿಲವಾಗುತ್ತಾ ಹೋಗುತ್ತದೆ.

ಅಳೆದು ನೋಡಿದ ಮೇಲೂ ಲೆಕ್ಕ ಸರಿಯಾಗೇ ಇದೆ ಎಂದಾದರೆ ಎರಡು ದಾರಿ. ಒಂದು, ಸ್ವಲ್ಪ ಸೇರಿಸುವುದು: ದಿನಕ್ಕೆ 15 ನಿಮಿಷ ನಡಿಗೆ, ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಊಟದಲ್ಲಿ ಪ್ರೋಟೀನು ಮತ್ತು ತರಕಾರಿ ಸ್ವಲ್ಪ ಜಾಸ್ತಿ, ಯಾಕೆಂದರೆ ಇವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಇನ್ನೊಂದು, ನಿಲ್ಲುವುದು. ತಿಂಗಳೆರಡು ತಿಂಗಳು ಇಳಿಸುವ ಯೋಚನೆ ಬಿಟ್ಟು ಈಗಿನ ತೂಕವನ್ನೇ ಕಾಯ್ದುಕೊಳ್ಳಿ. ತುಂಬಾ ದಣಿದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೇಗೂ ಮುಂದೆ ವರ್ಷಗಟ್ಟಲೆ ಮಾಡಬೇಕಾದ ಕೆಲಸ ಅದು, ಈಗಲೇ ಅಭ್ಯಾಸ ಆಗಲಿ.

ಮೂರನೇ ದಾರಿ ಒಂದನ್ನು ಜನ ಹಿಡಿಯುತ್ತಾರೆ, ಊಟವನ್ನು ಅರ್ಧಕ್ಕೆ ಇಳಿಸುವುದು. ಬೇಡ. ಕೂದಲು ಉದುರುವುದು, ಪಿತ್ತಕೋಶದ ಕಲ್ಲು, ಸ್ನಾಯು ಕರಗುವುದು, ಮುಟ್ಟು ನಿಲ್ಲುವುದು, ಇವೆಲ್ಲ ಅತಿ ವೇಗದ ಇಳಿಕೆಯ ಜೊತೆ ಬರುವ ನೆಂಟರು. ಡಾಕ್ಟರ ನಿಗಾ ಇಲ್ಲದೆ ಅಂಥ ಡಯಟ್ ಮಾಡಬಾರದು. ತೂಕ ಇಳಿಸುವ ಇಂಜೆಕ್ಷನ್ ವಿಷಯವೂ ಅಷ್ಟೇ. ಕೆಲವರಿಗೆ ಅದು ನಿಜಕ್ಕೂ ಬೇಕು, ಅದರಲ್ಲಿ ಅವಮಾನವೇನಿಲ್ಲ, ಆದರೆ ಯಾರಿಗೆ ಬೇಕು ಎಂದು ಹೇಳಬೇಕಾದವರು ಡಾಕ್ಟರು. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುವುದು ಸಾಮಾನ್ಯ ಎಂಬುದೂ ಮೊದಲೇ ಗೊತ್ತಿರಲಿ.

ಹಂತ 7: ನಿದ್ದೆ

ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. 2010ರ ಒಂದು ಸಣ್ಣ ಪ್ರಯೋಗದಲ್ಲಿ ಹತ್ತು ಜನ ಅದೇ ಕಡಿಮೆ ಕ್ಯಾಲೊರಿ ಊಟವನ್ನು ಎರಡು ಸಲ, ಎರಡೆರಡು ವಾರ ತಿಂದರು. ಒಮ್ಮೆ ರಾತ್ರಿ ಎಂಟೂವರೆ ಗಂಟೆ ಮಲಗಲು ಬಿಟ್ಟರು, ಇನ್ನೊಮ್ಮೆ ಐದೂವರೆ ಗಂಟೆ. ಇಳಿದ ಒಟ್ಟು ತೂಕ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಆದರೆ ನಿದ್ದೆ ಸಿಕ್ಕಾಗ ಅದರಲ್ಲಿ ಕೊಬ್ಬು 1.4 ಕೆಜಿ, ನಿದ್ದೆಗೆಟ್ಟಾಗ 0.6 ಕೆಜಿ. ಬೆಳಿಗ್ಗೆ ಐದಕ್ಕೆ ಜಿಮ್ಮಿಗೆ ಓಡಲು ರಾತ್ರಿ ಹನ್ನೆರಡಕ್ಕೆ ಮಲಗುವವರು ಇದನ್ನು ಎರಡು ಸಲ ಓದಲಿ. ಜಿಮ್ ಅನ್ನು ಸಂಜೆಗೆ ಹಾಕಿಕೊಳ್ಳಿ.

ಹಂತ 8: ಸುತ್ತಲಿನ ಜನ

ಮೂರು ಥರದ ಮಾತು ಬರುತ್ತವೆ. "ಇನ್ನೂ ಅಷ್ಟೇ ಇದೀಯಲ್ಲ", "ಒಂದು ತಿಂದರೆ ಏನಾಗಲ್ಲ ಬಿಡು", "ಸಾಕು ಮಾರಾಯ್ತಿ, ಮುಖ ಎಲ್ಲಾ ಇಳಿದುಹೋಗಿದೆ". ಮೊದಲನೆಯದಕ್ಕೆ ಉತ್ತರ ಬೇಕಿಲ್ಲ. ಎರಡನೆಯದಕ್ಕೆ "ಹೊಟ್ಟೆ ತುಂಬಿದೆ, ಆಮೇಲೆ ತಿನ್ನುತ್ತೇನೆ" ಎಂದರೆ ಸಾಕು, ಡಯಟ್ ಎಂಬ ಮಾತೆತ್ತಿದರೆ ಅರ್ಧ ಗಂಟೆ ಚರ್ಚೆ. ಮೂರನೆಯದನ್ನು ಪ್ರೀತಿಯ ಮಾತು ಎಂದು ತೆಗೆದುಕೊಳ್ಳಿ, ಸಲಹೆ ಎಂದಲ್ಲ.

ಎಲ್ಲರಿಗೂ ಹೇಳಿಕೊಂಡು ತಿರುಗುವುದರಿಂದ ಲಾಭಕ್ಕಿಂತ ಒತ್ತಡ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ. ಒಬ್ಬರನ್ನು ಆರಿಸಿಕೊಳ್ಳಿ. ತೂಕ ಕೇಳದವರು, ಅಂದರೆ "ಎಷ್ಟು ಇಳೀತು" ಎನ್ನುವ ಬದಲು "ಈ ವಾರ ಎಷ್ಟು ದಿನ ನಡೆದೆ" ಎಂದು ಕೇಳುವವರು. ತೂಕ ನಿಮ್ಮ ಕೈಯಲ್ಲಿಲ್ಲ, ನಡಿಗೆ ಇದೆ. ಭಾನುವಾರ ರಾತ್ರಿ ಒಂದು ಮೆಸೇಜ್, ಅಷ್ಟೇ. ಮನೆಯವರಿಂದ ಸಹಾಯ ಬೇಕಿದ್ದರೆ ಬಿಡಿಸಿ ಕೇಳಿ: "ಸಪೋರ್ಟ್ ಮಾಡಿ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ, "ಸಂಜೆ ಆರರಿಂದ ಆರೂವರೆ ಮಗುವನ್ನು ನೋಡಿಕೊಳ್ಳಿ" ಎಂದರೆ ಆಗುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಊಟದ ಯೋಚನೆ ಇಡೀ ದಿನ ಬಿಡುತ್ತಿಲ್ಲ, ತಿಂದ ಮೇಲೆ ತಪ್ಪಿತಸ್ಥ ಭಾವ ಕಾಡುತ್ತದೆ, ಕದ್ದು ತಿನ್ನುವುದು ಅಥವಾ ತಿಂದದ್ದನ್ನು ಹೊರಹಾಕುವುದು ಶುರುವಾಗಿದೆ ಎಂದಾದರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರವೋ ಮನಶ್ಶಾಸ್ತ್ರಜ್ಞರ ಹತ್ತಿರವೋ ಹೋಗಿ. ಹುಮ್ಮಸ್ಸಿನ ಉಪಾಯಗಳು ಅದಕ್ಕೆ ಮದ್ದಲ್ಲ.

ಹಂತ 9: ಇಳಿದದ್ದನ್ನು ಉಳಿಸಿಕೊಳ್ಳುವುದು

ಗುರಿ ಮುಟ್ಟಿದ ಮೇಲೆ ಒಂದು ವಿಚಿತ್ರ ಖಾಲಿತನ ಬರುತ್ತದೆ. ಇಳಿಯುವ ಸಂಖ್ಯೆಯ ಖುಷಿ ಇನ್ನಿಲ್ಲ. ಏನೂ ಬದಲಾಗದೆ ಇರುವುದೇ ಈಗಿನ ಗೆಲುವು, ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪುಸ್ತಕ ನಡೆಯುತ್ತಾ ಬಂದಿದೆ, ಸಂಶೋಧಕರಾದ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಶುರು ಮಾಡಿದ್ದು. ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರಿಗೆ ಮಾತ್ರ ಪ್ರವೇಶ, ಸದಸ್ಯರು ಹತ್ತು ಸಾವಿರ ದಾಟಿದ್ದಾರೆ. ಅವರು ತೂಕ ಇಳಿಸಿದ ದಾರಿಗಳು ಬೇರೆ ಬೇರೆ, ಉಳಿಸಿಕೊಂಡ ದಾರಿಗಳು ಮಾತ್ರ ಒಂದನ್ನೊಂದು ಹೋಲುತ್ತವೆ. ಹತ್ತರಲ್ಲಿ ಒಂಬತ್ತು ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ, ಅದರಲ್ಲಿ ಹೆಚ್ಚು ಕಾಣುವುದು ನಡಿಗೆ. ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಎರಡರಿಂದ ಐದು ವರ್ಷ ಉಳಿಸಿಕೊಂಡವರಿಗೆ ಆಮೇಲೆ ಉಳಿಸಿಕೊಳ್ಳುವುದು ಸುಲಭವಾಗುತ್ತಾ ಹೋಗುತ್ತದೆ ಎಂಬುದು ಅಲ್ಲಿಂದ ಬಂದ ಒಳ್ಳೆಯ ಸುದ್ದಿ.

ಇದೇ ರೀನಾ ವಿಂಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ತೂಕ ಇಳಿಸಿದ 314 ಜನರಲ್ಲಿ ಕೆಲವು ಗುಂಪುಗಳಿಗೆ ಮೂರು ಬಣ್ಣದ ಒಂದು ಪದ್ಧತಿ ಕಲಿಸಿದರು. ಅದನ್ನು ನಾವೂ ಹಾಗೆಯೇ ಬಳಸಬಹುದು. ನೀವು ಉಳಿಸಿಕೊಳ್ಳಬೇಕೆಂದಿರುವ ತೂಕವನ್ನು ಬರೆಯಿರಿ. ಅದರ ಮೇಲೆ ಸುಮಾರು 1.4 ಕೆಜಿಯವರೆಗೆ ಹಸಿರು: ಏನೂ ಬದಲಾಯಿಸಬೇಡಿ, ಊಟದ್ದಲ್ಲದ ಒಂದು ಉಡುಗೊರೆ ನಿಮಗೆ ನೀವೇ ಕೊಟ್ಟುಕೊಳ್ಳಿ. ಅದನ್ನು ದಾಟಿ, ಬರೆದ ತೂಕಕ್ಕಿಂತ ಎರಡೂಕಾಲು ಕೆಜಿ ಜಾಸ್ತಿ ಆಗುವವರೆಗೆ ಹಳದಿ: ಈ ಎರಡು ವಾರದಲ್ಲಿ ಏನು ಸಡಿಲವಾಯಿತು ಎಂದು ಡೈರಿ ನೋಡಿ, ಒಂದನ್ನು ಮಾತ್ರ ಸರಿಮಾಡಿ. ಅದನ್ನೂ ದಾಟಿದರೆ ಕೆಂಪು: ಮತ್ತೆ ಪೂರ್ತಿ ಬರೆದಿಡುವುದು, ಅಳೆಯುವುದು, ಭಾನುವಾರದ ಮೆಸೇಜು, ಎಲ್ಲವೂ ಶುರು. ಮೂರೂ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿ. ದಿನದ ಸಂಖ್ಯೆ ನೋಡಿ ಬಣ್ಣ ಬದಲಾಯಿಸಬೇಡಿ, ಇಲ್ಲೂ ವಾರದ ಸರಾಸರಿಯೇ ಲೆಕ್ಕ.